ಐದು ಲೀಟರು

ಶೇಂಗಾ ಎಣ್ಣೆಯ ಹಳೇ ಕ್ಯಾನು. ಎಷ್ಟು ತೊಳೆದರೂ
ನೀರಿನ ಮೇಲೊಂದು ಬಣ್ಣದ ಪೊರೆ ತೇಲುತ್ತದೆ.
ಬೆಳಗಿನ ಐದೂಮುಕ್ಕಾಲಿಗೆ ಅದನ್ನು ಸೊಂಟಕ್ಕೆ ಆನಿಸಿ
ವೇತಾಳ ಟೇಕಡಿ ಹತ್ತುತ್ತೇನೆ.
ಅಲ್ಲಿ ನನ್ನದೊಂದು ಸಸಿ ಇದೆ, ಮುತ್ತುಗ,
ಕೊರಳಿಗೆ ತಗಡಿನ ಬಿಲ್ಲೆ, ನಂಬರು ಇನ್ನೂರಾ ಹನ್ನೊಂದು.

ನಮ್ಮ ಸೊಸೈಟಿಗೆ ನಲ್ಲಿ ನೀರು ದಿನ ಬಿಟ್ಟು ದಿನ,
ನಲವತ್ತು ನಿಮಿಷ. ಉಳಿದದ್ದು ಟ್ಯಾಂಕರು.
ಅದರ ಪೈಪಿನ ಬಾಯಿಗೆ ಚಿಂದಿ ಸುತ್ತಿರುತ್ತಾರೆ,
ಸೋರಿದ್ದನ್ನು ನಾಯಿಗಳು ನೆಕ್ಕುತ್ತವೆ.
ಲಿಫ್ಟಿನ ಗೋಡೆಗೆ ಮೋಘೆ ಕಾಕಾ ಚೀಟಿ ಅಂಟಿಸಿದ್ದಾರೆ,
ಹೆಸರು ಹಾಕಿಲ್ಲ:
‘ಕೆಲವರು ಕುಡಿಯುವ ನೀರನ್ನು ಗುಡ್ಡಕ್ಕೆ ಸುರಿಯುತ್ತಾರೆ.’
ಕೆಲವರು ಎಂದರೆ ನಾನೊಬ್ಬಳೇ.
ಅದು ಅಕ್ಕಿ ತೊಳೆದ ನೀರು ಕಾಕಾ, ಎನ್ನಬಹುದಿತ್ತು.
ಪೂರ್ತಿ ನಿಜವಲ್ಲ. ಅದಕ್ಕೇ ಅನ್ನಲಿಲ್ಲ.

ಸೊಲ್ಲಾಪುರದಲ್ಲಿ ಬೆಳೆದವಳು, ಬಿಸಿಲು ನನಗೆ ಹೊಸದಲ್ಲ.
ಅಲ್ಲಿ ಬಿಸಿಲಿಗೂ ಒಂದು ರೀತಿಯಿತ್ತು.
ಹತ್ತಕ್ಕೆ ಬರುವುದು, ದೀಪ ಹಚ್ಚುವ ಹೊತ್ತಿಗೆ ಎದ್ದು ಹೋಗುವುದು;
ಬೇಡದ ನೆಂಟನೇ, ಆದರೂ ರಾತ್ರಿ ಉಳಿಯುತ್ತಿರಲಿಲ್ಲ.
ಅವ್ವ ಮಾಳಿಗೆಗೆ ನೀರು ಹೊಡೆದು ಕೌದಿ ಹಿಡಿದು ಕಾಯುತ್ತಿದ್ದಳು,
"ಮಣ್ಣು ಉಸುರು ಬಿಡ್ಲಿ, ಆಮ್ಯಾಲ ಮಲಗೂಣು."
ಇಲ್ಲಿ ಪುಣೆಯಲ್ಲಿ ಗೋಡೆಗಳು ಉಸಿರು ಬಿಗಿಹಿಡಿದಿವೆ.
ರಾತ್ರಿ ಎರಡಕ್ಕೆ ಸ್ವಿಚ್ಚು ಮುಟ್ಟಿದರೆ
ಜ್ವರ ಬಂದ ಮಗುವಿನ ಕಿವಿ.

ಗುಡ್ಡದ ಹುಲ್ಲು ಕಾಲಿಟ್ಟರೆ ಹಪ್ಪಳದ ಸದ್ದು ಮಾಡುತ್ತದೆ.
ಕಾವಲಿನ ಭಿವಾ ಪಿಂಗಳೆ ಬೆಂಕಿರೇಖೆ ಕೆರೆಯುತ್ತಾನೆ,
ಆರಡಿ ಅಗಲ ಬೋಳು ನೆಲ,
ಬೆಂಕಿ ಬಂದು ‘ಇಲ್ಲಿಗೆ ಸಾಕು’ ಎಂದುಕೊಳ್ಳಲಿ ಎಂದು.
ಬೆಂಕಿಗೆ ಓದಲು ಬರುತ್ತದೇನಪ್ಪಾ, ಕೇಳಿದೆ.
"ಬೀಡಿ ಸೇದುವವರಿಗೇ ಬರುವುದಿಲ್ಲ ತಾಯಿ,"
ಫಲಕದತ್ತ ಗದ್ದ ಎತ್ತಿ ತೋರಿಸಿದ.

ಏಪ್ರಿಲ್ ಇಪ್ಪತ್ತಾರು, ಮಧ್ಯಾಹ್ನ.
ಸುಡುಬಿಸಿಲಿನಲ್ಲಿ ಬೆಂಕಿ ಕಾಣುವುದಿಲ್ಲ.
ಅದರ ಹಿಂದಿನ ಮರ ನಡುಗುವುದು ಕಾಣುತ್ತದೆ, ಅಷ್ಟೆ.
ಕ್ಯಾನು ತುಂಬಿಸಿ ಓಡಿದೆ, ಐವತ್ತೆಂಟರ ಮಂಡಿ ಓಡುವಷ್ಟು.
ಮೇಲೆ ಏಳೆಂಟು ಜನ, ಗ್ಲಿರಿಸಿಡಿಯಾ ಟೊಂಗೆ ಮುರಿದು
ನೆಲಕ್ಕೆ ಬಡಿಯುತ್ತಿದ್ದರು, ತಪ್ಪು ಅದರದೇ ಎಂಬಂತೆ.
ಅವರ ನಡುವೆ ಪೈಜಾಮದಲ್ಲಿ, ಕೆಮ್ಮುತ್ತಾ,
ಮೋಘೆ ಕಾಕಾ.

ಇಬ್ಬರೂ ಕ್ಯಾನನ್ನು ನೋಡಿದೆವು.
ಐದು ಲೀಟರಿಗೆ ಗುಡ್ಡ ಆರುವುದಿಲ್ಲ.
ಇನ್ನೂರಾ ಹನ್ನೊಂದು ಹೊಗೆಯ ಆಚೆ, ಇಪ್ಪತ್ತು ಹೆಜ್ಜೆ.
ಕಾಕಾ ಒಂದಷ್ಟು ಕುಡಿದರು, ಎಣ್ಣೆ ವಾಸನೆಗೆ ಮುಖ ಕಿವಿಚದೆ.
ಉಳಿದದ್ದರಲ್ಲಿ ಟವೆಲು ಅದ್ದಿ ಭಿವಾನ ತಲೆಗೆ ಸುತ್ತಿದೆವು.
ಸಸಿಗೆ ಹನಿಯೂ ಇಲ್ಲ.
ಹಾಗೆಂದು ತೀರ್ಮಾನಿಸಿದ್ದು ನಾನೇ, ಬೇರೆ ಯಾರೂ ಅಲ್ಲ.

ಮರುದಿನ ಚೀಟಿ ಲಿಫ್ಟಿನಲ್ಲಿ ಹಾಗೇ ಇತ್ತು.
ಕೀಳಲು ಮರೆತರೋ, ಅಭಿಪ್ರಾಯ ಬದಲಾಗಿಲ್ಲವೋ.
ಗುಡ್ಡದ ಮೇಲೆ ನವಿಲೊಂದು ಬೂದಿಯಲ್ಲಿ ನಡೆದು
ತನ್ನ ಹೆಜ್ಜೆಯನ್ನೇ ತಿರುತಿರುಗಿ ನೋಡುತ್ತಿತ್ತು.
ಬಿಲ್ಲೆ ಸಿಕ್ಕಿತು, ಸೊಟ್ಟಗಾಗಿತ್ತು, ನಂಬರು ಮಾಸಿರಲಿಲ್ಲ.
ಪಕ್ಕದಲ್ಲಿ ಬೆರಳುದ್ದದ ಕರಿ ಕಡ್ಡಿ.

ಮುತ್ತುಗಕ್ಕೆ ಬೇರಿನಲ್ಲಿ ಜೀವ ಇರುತ್ತದೆ, ಎನ್ನುತ್ತಾರೆ.
ಎನ್ನುತ್ತಾರೆ.
ಕ್ಯಾನು ಬಗ್ಗಿಸಿದೆ.
ಚುಂಯ್ ಎಂದಿತು ನೆಲ, ಒಳಗೆಲ್ಲೋ ಇನ್ನೂ ಕೆಂಡ;
ಹಂಚಿಗೆ ನೀರು ಚಿಮುಕಿಸಿ ಅವ್ವ ಕಿವಿಗೊಟ್ಟು
"ಕಾದೈತಿ, ಹಾಕು" ಎನ್ನುತ್ತಿದ್ದಳಲ್ಲ,
ಅದೇ ಸದ್ದು.

ಕಾದೈತಿ ಅವ್ವಾ.
ಏನು ಹಾಕಲಿ?